ಮಿಲ್ಟ್ರಿಯವರ ಮನೆ

ನಮ್ಮೂರಿಗೆ ಬಂದು ಅಪ್ಪನ ಹೆಸರು ಹೇಳಿ ಮನೆ ಕೇಳಿದರೆ ಎಷ್ಟೋ ಜನ ಯಾರಿರಬಹುದು ಎಂದು ಯೋಚಿಸುತ್ತಾ ನಿಲ್ಲುತ್ತಿದ್ದರು. ‘ಮಿಲ್ಟ್ರಿಯವರ ಮನೆ’ ಎಂದರೆ ಸಾಕು, ಬೀದಿಯಲ್ಲಿ ಗೋಲಿ ಆಡುವ ಹುಡುಗರೂ ಮುಂದೆ ಓಡಿ ಬಾಗಿಲವರೆಗೆ ಬಿಟ್ಟುಹೋಗುತ್ತಿದ್ದರು. ಅರಕಲಗೂಡು ಸೀಮೆಯ ನಮ್ಮೂರಿನಿಂದ ಸೈನ್ಯ ಸೇರಿದವರು ಅಪ್ಪ ಒಬ್ಬರೇ ಅಲ್ಲ. ಆದರೂ ಪಿಂಚಣಿ ಪಡೆದು ಊರಿಗೆ ಬಂದು ನಾಲ್ಕು ದಶಕ ಸಮೀಪಿಸಿದಾಗಲೂ ಆ ಹೆಸರು ಉಳಿದಿದ್ದು ಅವರಿಗೆ ಮಾತ್ರ.

ಅಪ್ಪ ತೀರಿಕೊಂಡಾಗ ಎಂಬತ್ತರ ಹತ್ತಿರ ಇದ್ದರು. ಮಾತಾಡಿಸಲು ಬಂದವರೆಲ್ಲ ಯುದ್ಧದ ವಿಷಯವನ್ನೇ ಎತ್ತಿದರು. ಪಾಕಿಸ್ತಾನದ ಮೇಲೆ ಹೋಗಿ ಬಂದವರು, ಮೆಡಲು ಪಡೆದವರು ಎಂದರು. ಎಲ್ಲವೂ ನಿಜ. ಆದರೆ ಮಗಳಾಗಿ ನನಗೆ ಹೇಳಬೇಕೆನಿಸುವುದು ಬೇರೆಯದೇ ಇದೆ. ಅಪ್ಪ 22 ವರ್ಷ ಸೈನ್ಯದಲ್ಲಿ ದುಡಿದರು. ಅಷ್ಟೂ ವರ್ಷಗಳನ್ನು ಹೆಂಡತಿ ಮಕ್ಕಳಿಗೆ ಬಾಕಿ ಉಳಿಸಿಕೊಂಡಿದ್ದೇನೆ ಎಂದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಬಾಕಿಯನ್ನು ಅವರು ಉಳಿದ ಬದುಕಿಡೀ ತೀರಿಸಿದರು.

ಅವರು ಭರ್ತಿಯಾದದ್ದು 1963ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಹಿಂದಿನ ವರ್ಷವಷ್ಟೇ ಚೀನಾ ಯುದ್ಧದಲ್ಲಿ ಪೆಟ್ಟು ತಿಂದಿದ್ದ ಸೈನ್ಯ ತನ್ನ ಬಲ ಹೆಚ್ಚಿಸಿಕೊಳ್ಳುತ್ತಿದ್ದ ಕಾಲ ಅದು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟಿತ್ತು. ಮನೆಯಲ್ಲಿ ಎರಡೆಕರೆ ಖುಷ್ಕಿ, ಉಣ್ಣುವ ಬಾಯಿ ಐದು. ದೇಶಸೇವೆಯ ಹಂಬಲದಿಂದ ಹೋದೆ ಎಂದು ಅಪ್ಪ ಯಾವತ್ತೂ ಹೇಳಿಕೊಳ್ಳಲಿಲ್ಲ. “ಊಟಕ್ಕೆ ಹೋದೆ ಮಗಾ, ದೇಶ ಅಂದ್ರೇನು ಅಂತ ಅಲ್ಲಿ ಹೋದ್ಮೇಲೆ ಗೊತ್ತಾಯ್ತು” ಎನ್ನುತ್ತಿದ್ದರು. ಈ ಮಾತಿನ ಪ್ರಾಮಾಣಿಕತೆ ನನಗೆ ಯಾವ ಭಾಷಣಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅವರು ಸೇರಿದ್ದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್. ಅದರ ಮೂಲ 1780ರಷ್ಟು ಹಿಂದಿನದು. ತಮಿಳು, ತೆಲುಗು, ಮಲಯಾಳಂ, ಕನ್ನಡದ ಹುಡುಗರೆಲ್ಲ ಅಲ್ಲಿ ಒಂದೇ ಬ್ಯಾರಕ್ಕಿನಲ್ಲಿ ಮಲಗುತ್ತಾರೆ. ಇಡೀ ಸೈನ್ಯ ಅವರನ್ನು ‘ತಂಬಿ’ ಎಂದು ಕರೆಯುತ್ತದೆ. ದಂಡು ಮುಂದೆ ಸಾಗುವುದಕ್ಕೆ ದಾರಿ ಮಾಡಿಕೊಡುವುದು ಈ ಸ್ಯಾಪರ್‌ಗಳ ಕೆಲಸ. ರಸ್ತೆ ಕಡಿಯಬೇಕು, ಹೊಳೆಗೆ ಸೇತುವೆ ಹಾಕಬೇಕು, ಕುಡಿಯುವ ನೀರು ಶುದ್ಧ ಮಾಡಬೇಕು, ವೈರಿ ಹೂತಿಟ್ಟ ಮೈನು ಕೀಳಬೇಕು. ಅಪ್ಪನಿಗೆ ಇದರಲ್ಲೆಲ್ಲ ಬೈಲಿ ಸೇತುವೆಯ ಮೇಲೆ ವಿಶೇಷ ಮೋಹ. ಹತ್ತಡಿ ಉದ್ದ, ಐದಡಿ ಎತ್ತರದ ಉಕ್ಕಿನ ಚೌಕಟ್ಟುಗಳು. ಒಂದೊಂದೂ ಇನ್ನೂರೈವತ್ತು ಕಿಲೋಗೆ ಮೇಲೆ. ಕ್ರೇನು ಬೇಡ, ಆರು ಜನ ಹೆಗಲು ಕೊಟ್ಟು ಹೊರಬೇಕು. ಒಂದಕ್ಕೊಂದು ಜೋಡಿಸಿ ಪಿನ್ನು ಬಡಿದರೆ ಅದರ ಮೇಲೆ ಲಾರಿ ಹೋಗುತ್ತದೆ. “ಆರು ಜನ್ದಲ್ಲಿ ಒಬ್ಬ ಹೆಜ್ಜೆ ತಪ್ಪಿದ್ರೂ ಉಳಿದ ಐವರ ಕಾಲು ಹೋಗ್ತದೆ” ಎನ್ನುತ್ತಾ ಅವರು ತಮ್ಮ ಬಲ ಹೆಗಲು ಸವರಿಕೊಳ್ಳುತ್ತಿದ್ದರು. ಆ ಹೆಗಲ ಮೇಲೆ ಕೊನೆಯವರೆಗೂ ಒಂದು ಗಟ್ಟಿ ಗಂಟು ಇತ್ತು.

ಅಪ್ಪ ಅಮ್ಮನ ಮದುವೆ 1969ರಲ್ಲಿ. ರಜೆ ಮುಗಿಸಿ ಅಪ್ಪ ಟ್ರಂಕು ಹೊತ್ತು ಹೊರಟರು. ಅಮ್ಮ ಅತ್ತೆ ಮನೆಯಲ್ಲಿ ಉಳಿದರು. ಅಲ್ಲಿಂದಾಚೆಗೆ ಅವರ ಸಂಸಾರ ನಡೆದಿದ್ದು ಅಂಚೆಯಲ್ಲಿ. ‘56 ಎಪಿಓ’ ಎಂಬ ಸೈನ್ಯದ ಅಂಚೆ ವಿಳಾಸದ ಮೇಲೆ. ಅದು ಯಾವ ಊರು ಎಂದು ನಮ್ಮಜ್ಜಿ ಪೋಸ್ಟ್‌ಮನ್ನನ್ನು ಕೇಳಿ ಕೇಳಿ ಸೋತಿದ್ದರು. ಮಗ ಕಾಶ್ಮೀರದಲ್ಲಿದ್ದರೂ ಪಂಜಾಬಿನಲ್ಲಿದ್ದರೂ ಅಜ್ಜಿಗೆ ಅವನು ಆ ಎಪಿಓ ಎನ್ನುವ ಊರಿನಲ್ಲೇ ಇದ್ದ.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅಪ್ಪನ ಕಾಗದ ಬಂದರೆ ಊರಿನ ಮೇಷ್ಟರು ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಅತ್ತೆ, ಮಾವ, ಮೈದುನ, ನಾದಿನಿ, ಅಕ್ಕಪಕ್ಕದವರು ಎಲ್ಲ ಸುತ್ತ ಕೂರುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ. ಹೀಗೆಂದು ಗೊತ್ತಿದ್ದ ಅಪ್ಪನಿಗೆ ಆ ಕಾಗದಗಳಲ್ಲಿ ಅಮ್ಮನಿಗೆ ಒಂದು ಮಾತೂ ಬರೆಯಲಾಗುತ್ತಿರಲಿಲ್ಲ. ‘ಹಸು ಕರು ಹಾಕಿತೇ, ಮಳೆ ಹೇಗಿದೆ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.’ ಆ ಎಲ್ಲರೂ ಎನ್ನುವುದರಲ್ಲಿ ನಾನೂ ಸೇರಿದ್ದೆ ಅಂದುಕೊಳ್ಳಬೇಕಿತ್ತು ಎಂದು ಅಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಅಣ್ಣ ಒಂದನೇ ಕ್ಲಾಸಿಗೆ ಹೋದಾಗ ಅಮ್ಮ ಅವನ ಸ್ಲೇಟು ಹಿಡಿದರು. ಹಗಲು ಹೊಲ, ಕೊಟ್ಟಿಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸೀಮೆಎಣ್ಣೆ ಬುಡ್ಡಿಯ ಮುಂದೆ ಅ, ಆ, ಇ, ಈ. ಎರಡು ವರ್ಷದಲ್ಲಿ ಕೂಡಿಸಿ ಓದುವಷ್ಟಾಯಿತು. ತಾವೇ ಒಂದು ಇನ್‌ಲ್ಯಾಂಡ್ ಲೆಟರ್ ಬರೆದು ಡಬ್ಬಿಗೆ ಹಾಕಿದರು. ಅದರಲ್ಲಿ ಏನು ಬರೆದಿದ್ದರೋ. ಅಪ್ಪನಿಂದ ಬಂದ ಮುಂದಿನ ಕಾಗದ ದಪ್ಪವಾಗಿತ್ತು, ಲಕೋಟೆಯಲ್ಲಿತ್ತು, ಅಮ್ಮನ ಹೆಸರಿಗೇ ಬಂದಿತ್ತು. ಮೇಷ್ಟರು ಅದನ್ನು ಓದಲಿಲ್ಲ. ನಾವೂ ಇಂದಿನವರೆಗೆ ಓದಿಲ್ಲ, ಕೊಡು ಎಂದು ಕೇಳಿಯೂ ಇಲ್ಲ.

1971ರ ಬಗ್ಗೆ ಅಪ್ಪ ಬಾಯಿಬಿಟ್ಟದ್ದು ಅಪರೂಪ. ಅಣ್ಣ ಹುಟ್ಟಿದ್ದು ಅದೇ ವರ್ಷದ ನವೆಂಬರಿನಲ್ಲಿ. ಮಗು ಹುಟ್ಟಿದ ತಂತಿ ಕೈಸೇರುವ ಹೊತ್ತಿಗೆ ರಜೆಗಳೆಲ್ಲ ರದ್ದಾಗಿದ್ದವು. ಅಪ್ಪ 9 ಎಂಜಿನಿಯರ್ ರೆಜಿಮೆಂಟಿನಲ್ಲಿದ್ದರು. ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಅವರ ತುಕಡಿ ಮುಂದೆ ಹೋಯಿತು. ಬಸಂತರ್ ನದಿಯ ಆಚೆ ನಮ್ಮ ಟ್ಯಾಂಕುಗಳು ದಾಟಬೇಕಿತ್ತು. ದಾರಿಯ ತುಂಬಾ ಮೈನು. ಡಿಸೆಂಬರಿನ ಚಳಿ, ಮಂಜು, ಎದುರಿನಿಂದ ಗುಂಡಿನ ಮಳೆ. ಆ ನಡುವೆ ಸ್ಯಾಪರ್‌ಗಳು ಮೈನು ತೆಗೆದು ಟ್ಯಾಂಕುಗಳಿಗೆ ಓಣಿ ಮಾಡಿಕೊಟ್ಟರು. ಆ ದಾರಿ ಹಿಡಿದು ದಾಟಿದ ಪೂನಾ ಹಾರ್ಸ್‌ನ ತರುಣ ಅರುಣ್ ಖೇತರ್‌ಪಾಲ್ ಡಿಸೆಂಬರ್ 16ರಂದು ಟ್ಯಾಂಕಿನೊಳಗೇ ಪ್ರಾಣಬಿಟ್ಟರು. ಅವರಿಗೆ ಪರಮವೀರ ಚಕ್ರ ಬಂತು, ಅವರ ಹೆಸರು ಇವತ್ತು ದೇಶಕ್ಕೆ ಗೊತ್ತು. ಆ ಓಣಿ ಮಾಡಿಕೊಟ್ಟ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ಹೆಸರು ಅಷ್ಟು ಜನರಿಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು. ‘ಚೌಧರಿ ಸಾಬ್’ ಎಂದಲ್ಲದೆ ಬರಿಯ ಚೌಧರಿ ಎಂದು ಅಪ್ಪ ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟನ್ನೂ ಅಪ್ಪ ಹೇಳಿದ್ದು ಆಲೂಗಡ್ಡೆ ಹೊಲದಲ್ಲಿ. ನಾನಾಗ ಹೈಸ್ಕೂಲು. ಗಡ್ಡೆ ಕೀಳುವಾಗ ನಾನು ಗುದ್ದಲಿಯನ್ನು ನೆಟ್ಟಗೆ ಹಾಕಿ ಹಾಕಿ ಒಂದಷ್ಟು ಗಡ್ಡೆ ಸೀಳಿದ್ದೆ. ಅಪ್ಪ ಬಂದು ಗುದ್ದಲಿ ತೆಗೆದಿಟ್ಟು, ಮೊನಚು ಮಾಡಿದ ಒಂದು ಕಡ್ಡಿ ಕೈಗಿತ್ತರು. ಮಂಡಿಯೂರಿ ಕೂತರು. ಕಡ್ಡಿಯನ್ನು ಓರೆಯಾಗಿ ಮಣ್ಣಿನೊಳಗೆ ಮೆಲ್ಲಗೆ ತಳ್ಳಿದರು, ತುದಿಗೆ ಏನೋ ತಗುಲಿದ ಕೂಡಲೇ ನಿಲ್ಲಿಸಿದರು. ಕಡ್ಡಿ ಬಿಟ್ಟು ಬೆರಳುಗಳಿಂದ ಪಕ್ಕದ ಮಣ್ಣನ್ನಷ್ಟೇ ಸರಿಸುತ್ತಾ ಬಂದರು. ಗಡ್ಡೆಯ ಒಂದು ಮಗ್ಗುಲು ಕಾಣಿಸಿತು. “ಮೇಲಿಂದ ಚುಚ್ಚಬಾರ್ದು. ಓರೆಯಾಗಿ ಹೋದ್ರೆ ಪಕ್ಕಕ್ಕೆ ತಾಗ್ತದೆ, ಮೇಲೆ ತಾಗಲ್ಲ” ಎಂದರು. ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದೆ. ಆಗ ಅಲ್ಲೇ ಕೂತು ಹೇಳಿದರು. ಬಯೊನೆಟ್ ಓರೆ ಹಿಡಿದು ಅಂಗುಲ ಅಂಗುಲ ತಡಕಿದ್ದು, ತೆರವಾದ ಜಾಗಕ್ಕೆ ಬಿಳಿ ಪಟ್ಟಿ ಎಳೆದಿದ್ದು, ಪಕ್ಕದಲ್ಲಿ ತೆವಳುತ್ತಿದ್ದ ಮಧುರೆಯ ಹುಡುಗ ಏಳದೆ ಉಳಿದಿದ್ದು. “ಅವನ ಮನೇಲೂ ಕೂಸು ಹುಟ್ಟಿತ್ತು” ಎಂದು ಹೇಳಿ, ಗಡ್ಡೆಗಳನ್ನು ಮಂಕರಿಗೆ ತುಂಬತೊಡಗಿದರು. ಮತ್ತೆ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್ ಎರಡೂ ಟ್ರಂಕಿನ ತಳದಲ್ಲಿ ಅಮ್ಮನ ಮದುವೆ ಸೀರೆಯ ಜೊತೆಗಿದ್ದವು. ಆಗಸ್ಟ್ 15ಕ್ಕೆ ಶಾಲೆಯವರು ಕರೆದಾಗ ಮಾತ್ರ ಹೊರಗೆ ಬರುತ್ತಿದ್ದವು.

ಅಪ್ಪ ಅಣ್ಣನ ಮುಖ ನೋಡಿದಾಗ ಅವನಿಗೆ ಐದು ತಿಂಗಳು. ಆಮೇಲೂ ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬಂದುಹೋಗುವ ಅತಿಥಿಯಾಗಿಯೇ ಅವನಿಗೆ ಅಪ್ಪ ಪರಿಚಯ. ನನಗೆ ಹಾಗಾಗಲಿಲ್ಲ, ನಾನು ಹುಟ್ಟಿದ್ದು 1974ರಲ್ಲಿ, ಅಪ್ಪ ಪೂರ್ತಿಯಾಗಿ ಮನೆಗೆ ಬಂದಾಗ ಇನ್ನೂ ಹುಡುಗಿ. ಅಣ್ಣ ಮಾತ್ರ ಕಪ್ಪು ಟ್ರಂಕು ಅಂಗಳಕ್ಕೆ ಇಳಿದ ಕೂಡಲೇ ಕಣಜದ ಹಿಂದೆ ಅವಿತುಕೊಳ್ಳುತ್ತಿದ್ದನಂತೆ. ಅಮ್ಮನ ಸೆರಗು ಜಗ್ಗಿ “ಅವ್ರು ಯಾವಾಗ ಹೋಗ್ತಾರೆ?” ಎಂದು ಕೇಳುತ್ತಿದ್ದನಂತೆ. ಒಂದು ಸಲ ಈ ಮಾತು ಅಪ್ಪನ ಕಿವಿಗೂ ಬಿತ್ತು. ಅವರು ಏನೂ ಅನ್ನಲಿಲ್ಲ, ಎದ್ದು ತೋಟದ ಕಡೆ ಹೋದರು ಎಂದು ಅಜ್ಜಿ ಹೇಳುತ್ತಿದ್ದರು. ಇನ್ನೂ ಎರಡು ವರ್ಷ ಇದ್ದು ಮೇಲಿನ ಪದವಿ ಪಡೆಯಬಹುದಿತ್ತು, ಪಿಂಚಣಿಯೂ ಹೆಚ್ಚುತ್ತಿತ್ತು. ಹವಾಲ್ದಾರರಾಗಿಯೇ 1985ರಲ್ಲಿ ಪೆನ್ಷನ್ ಬರೆದುಕೊಟ್ಟು ಬಂದುಬಿಟ್ಟರು. ಕಾರಣ ಕೇಳಿದವರಿಗೆ “ಸಾಕು, ಮನೆ ನೋಡ್ಬೇಕು” ಎನ್ನುವುದಷ್ಟೇ ಉತ್ತರ.

ಮನೆ ನೋಡಿದರು. ಹಾಸನದ ಒಂದು ಬ್ಯಾಂಕಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು. ಹಾಸನದಲ್ಲೇ ರೂಮು ಮಾಡಿಕೊಳ್ಳಿ, ದಿನಾ ಈ ಬಸ್ಸಿನ ಪಾಡು ಯಾಕೆ ಎಂದು ಜೊತೆಯವರು ಹೇಳಿದರೆ ತಲೆಯಾಡಿಸುತ್ತಿದ್ದರು. ರಾತ್ರಿ ಊಟಕ್ಕೆ ಮನೆಯಲ್ಲಿರಬೇಕು ಎಂಬುದು ಅವರ ಹಟ. ಭಾನುವಾರ ಅಡುಗೆಮನೆ ಅವರದು. ಮುದ್ದೆ ಸೀಮೆಯ ನಮ್ಮೂರಿಗೆ ತೆಳ್ಳನೆಯ ಉಬ್ಬಿದ ಚಪಾತಿ ಮತ್ತು ರಾಜ್ಮಾ ತಂದವರು ಅಪ್ಪನೇ. ಅಮ್ಮನನ್ನು ಮಣೆ ಹಾಕಿ ಕೂರಿಸಿ ಮೊದಲು ಬಡಿಸುತ್ತಿದ್ದರು. ಆ ಕಾಲಕ್ಕೆ, ಅಂಥ ಊರಿನಲ್ಲಿ, ಗಂಡಸು ಹೆಂಡತಿಗೆ ಬಡಿಸುವುದನ್ನು ನೋಡಲು ಪಕ್ಕದ ಮನೆಯ ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು. ಅಮ್ಮ ನಾಚಿ “ಸಾಕು ಬಿಡ್ರಿ, ಯಾರಾದ್ರೂ ನೋಡ್ತಾರೆ” ಎಂದರೆ, “ನೋಡ್ಲಿ ಬಿಡು” ಎನ್ನುವರು.

ನನ್ನ ಯೂನಿಫಾರ್ಮಿಗೆ ಇದ್ದಿಲ ಇಸ್ತ್ರಿ ಪೆಟ್ಟಿಗೆಯಲ್ಲಿ ಗೆರೆ ಕೂರಿಸುವುದು, ಪುಸ್ತಕಕ್ಕೆ ಬೈಂಡು ಹಾಕುವುದು, ಮಳೆಗಾಲದಲ್ಲಿ ಹಳ್ಳದ ದಂಡೆಯವರೆಗೆ ಬಂದು ನಾವು ದಾಟುವವರೆಗೆ ನಿಲ್ಲುವುದು, ಎಲ್ಲ ಅವರ ಕೆಲಸ. ಆ ಹಳ್ಳಕ್ಕೆ ಕಡೆಗೂ ಸಂಕ ಕಟ್ಟಿದರು. ತೆಂಗಿನ ಮರ ಊರವರು ಕೊಟ್ಟರು, ಲೆಕ್ಕ ಅಪ್ಪನದು. ಹೊರುವವರನ್ನು ಎತ್ತರಕ್ಕೆ ತಕ್ಕಂತೆ ಎದುರುಬದುರು ನಿಲ್ಲಿಸಿ ಹೆಜ್ಜೆ ಎಣಿಸಿದರು. ಪಂಚಾಯಿತಿಯ ಸಿಮೆಂಟು ಸೇತುವೆ ಬರುವವರೆಗೆ ಊರಿನ ಮಕ್ಕಳೆಲ್ಲ ಶಾಲೆಗೆ ಹೋಗಿದ್ದು ಅದರ ಮೇಲೆಯೇ.

ಪ್ರತಿ ವರ್ಷ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಅಂಗಳಕ್ಕೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಆ ದಿನಗಳಲ್ಲಿ ಅಪ್ಪನ ಮುಖದ ಕಳೆಯೇ ಬೇರೆ. ಅಣ್ಣನ ಜೊತೆ ಹೋದವರು ಮೊದಲು ಮೂಟೆ ನೋಡದೆ ಡ್ರೈವರುಗಳ ಹತ್ತಿರ ಹೋಗಿ ಪಂಜಾಬಿಯಲ್ಲಿ ಮಾತಿಗಿಳಿಯುತ್ತಿದ್ದರು. ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಬಂದ ಸರ್ದಾರ್‌ಜಿಗಳು ಹಾಸನದ ಧೂಳಿನಲ್ಲಿ ತಮ್ಮ ಭಾಷೆ ಕೇಳಿ ಬೆರಗಾಗಿ ಅಪ್ಪನನ್ನು ತಬ್ಬಿಕೊಳ್ಳುತ್ತಿದ್ದರು. ಅವರಲ್ಲೊಬ್ಬರ ಮನೆಯವರೂ ಪಠಾಣ್‌ಕೋಟಿನ ಕಡೆ ಫೌಜಿನಲ್ಲಿ ಇದ್ದವರೆಂದು ಗೊತ್ತಾಗಿ ಅಪ್ಪ ಆ ಲಾರಿಯವರಿಬ್ಬರನ್ನೂ ಮನೆಗೆ ಕರೆತಂದಿದ್ದರು. ಅಮ್ಮ ಅವರಿಗೆ ಕೋಳಿ ಸಾರು, ಮುದ್ದೆ ಬಡಿಸಿದರು.

ಅಣ್ಣ ಮಾತ್ರ ಬಹಳ ಕಾಲ ಅಪ್ಪನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ಜಗಳವೇನಿರಲಿಲ್ಲ. ಹದಿಮೂರು ವರ್ಷ ಇಲ್ಲದ ಅಪ್ಪ ಒಂದು ದಿನ ಬಂದು ಹೀಗೆ ನಡೆ, ಹಾಗೆ ಕೂರು ಎಂದರೆ ಹುಡುಗನ ಮನಸ್ಸು ಒಪ್ಪುವುದು ಸುಲಭವಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ. ಒಂದು ವರ್ಷ ಆಗಸ್ಟಿನಲ್ಲಿ ಬಿಡದೆ ಮೋಡ, ತುಂತುರು. ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಸಂಜೆ ಹಸಿರಾಗಿದ್ದ ಹೊಲ ಎರಡು ದಿನದಲ್ಲಿ ಸುಟ್ಟಂತೆ ಕಪ್ಪಾಗಿ ನಾರತೊಡಗಿತು. ಅಣ್ಣ ಸೊಸೈಟಿಯಲ್ಲೂ ಖಾಸಗಿಯವರಲ್ಲೂ ಸಾಲ ಎತ್ತಿ ಬಿತ್ತಿದ್ದ. ಬದುವಿನ ಮೇಲೆ ಕೂತವನು ಕತ್ತಲಾದರೂ ಏಳಲಿಲ್ಲ. ಸುತ್ತಮುತ್ತಲ ಊರುಗಳಲ್ಲಿ ಅಂಥ ವರ್ಷಗಳಲ್ಲಿ ಏನೇನಾಗಿತ್ತು ಎನ್ನುವುದು ನಮಗೆಲ್ಲ ಗೊತ್ತಿತ್ತು. ಅಪ್ಪ ಲಾಟೀನು ಹಿಡಿದು ಹೋಗಿ ಅವನ ಪಕ್ಕ ಕೂತರು. ಅಮ್ಮ ಬುತ್ತಿ ಕಳಿಸಿದರು. ಬೆಳಗಿನವರೆಗೆ ಇಬ್ಬರೂ ಅಲ್ಲೇ ಇದ್ದರು. ಏನು ಮಾತಾಡಿದರೆಂದು ಇಬ್ಬರೂ ಹೇಳಿಲ್ಲ. ಆ ವಾರವೇ ಅಪ್ಪ ತಮ್ಮ ಹೆಸರಿನ ಠೇವಣಿ ಮುರಿಸಿ ಖಾಸಗಿ ಸಾಲ ಪೂರ್ತಿ ತೀರಿಸಿದರು. ಸೊಸೈಟಿ ಸಾಲಕ್ಕೆ ಪಿಂಚಣಿಯಿಂದ ಕಂತು ಕಟ್ಟಿದರು. ಆಮೇಲೆ ಅಣ್ಣ ಅವರನ್ನು ‘ಅವ್ರು’ ಎಂದು ಕರೆಯಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅಪ್ಪನಿಗೆ ಎದ್ದು ನಿಲ್ಲಲಾಗದೇ ಹೋದಾಗ ದಿನವೂ ಸ್ನಾನ ಮಾಡಿಸಿದ್ದು, ಗಡ್ಡ ಹೆರೆದದ್ದು ಅವನೇ. ಮಿಲ್ಟ್ರಿ ಮನುಷ್ಯ, ಗಡ್ಡ ಬಿಟ್ಟು ಮಲಗಬಾರದು ಎನ್ನುತ್ತಿದ್ದ.

2015ರಲ್ಲಿ ‘ಒಂದು ಶ್ರೇಣಿ, ಒಂದು ಪಿಂಚಣಿ’ ಘೋಷಣೆಯಾದಾಗ ಎಲ್ಲ ಮಾಜಿ ಸೈನಿಕರಂತೆ ಅಪ್ಪನೂ ಹಳೆಯ ಕಾಗದ ತೆಗೆದು ಕೂತರು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ಪಿಪಿಓ, ಎಲ್ಲವನ್ನೂ ಚಾಪೆಯ ಮೇಲೆ ಹರಡಿದರು. ಆಗ ಗೊತ್ತಾಯಿತು, ಅಮ್ಮನ ಹೆಸರು ಒಂದೊಂದರಲ್ಲಿ ಒಂದೊಂದು ಥರ ಇದೆ. ಮದುವೆಯಾದ ಹೊಸದರಲ್ಲಿ ಅಪ್ಪ ಹೇಳಿದ ಮನೆಮಾತಿನ ಹೆಸರನ್ನು ಯಾರೋ ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡಿದ್ದರು. ಪಡಿತರ ಚೀಟಿಯಲ್ಲಿ, ಆಧಾರ್‌ನಲ್ಲಿ ಬೇರೆ. ಹುಟ್ಟಿದ ದಿನವೂ ಹೊಂದುತ್ತಿರಲಿಲ್ಲ. ಅಪ್ಪ ಬದುಕಿರುವವರೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಆಗುವುದು ಅವರು ಹೋದ ಮೇಲೆ, ಅಮ್ಮನಿಗೆ ಕುಟುಂಬ ಪಿಂಚಣಿ ಬರಬೇಕಾದಾಗ. ಪಕ್ಕದೂರಿನ ಮಾಜಿ ಸೈನಿಕರೊಬ್ಬರ ಹೆಂಡತಿ ಇಂಥದೇ ಕಾರಣಕ್ಕೆ ವರ್ಷಗಟ್ಟಲೆ ಅಲೆದದ್ದನ್ನು, ಕೂಲಿಗೆ ಹೋದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದರು.

ಅವತ್ತಿನಿಂದ ಅದೇ ಅವರ ಕೆಲಸವಾಯಿತು. ನೋಟರಿಯ ಮುಂದೆ ಅಫಿಡವಿಟ್, ಪತ್ರಿಕೆಯಲ್ಲಿ ಹೆಸರು ಪ್ರಕಟಣೆ, ರೆಜಿಮೆಂಟಿನ ದಾಖಲೆ ಇಡುವ ಬೆಂಗಳೂರಿನ ರೆಕಾರ್ಡ್ಸ್‌ಗೆ ಅರ್ಜಿ. ಒಂದು ಕಾಗದ ಕಳಿಸಿದರೆ ಇನ್ನೊಂದು ಕೇಳಿ ಉತ್ತರ ಬರುತ್ತಿತ್ತು. ಅಪ್ಪ ರೇಗಲಿಲ್ಲ. ಪ್ರತಿಯೊಂದರ ಜೆರಾಕ್ಸ್ ತೆಗೆಸಿ, ತಾರೀಕು ಬರೆದು ಫೈಲಿಗೆ ಹಾಕುವರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು ಬೇರೆ. ನಾನು ಹೋಗಿ ಬರುತ್ತೇನೆ ಎಂದರೂ ಬಿಡುತ್ತಿರಲಿಲ್ಲ.

ಗಂಡ ಹೆಂಡತಿ ಜೋಡಿ ಫೋಟೋ ಬೇಕೆಂದು ಕಾಗದ ಬಂದಾಗ ಮಾತ್ರ ಮನೆಯಲ್ಲಿ ಸಂಭ್ರಮ. ಇಬ್ಬರೇ ಕೂತು ತೆಗೆಸಿಕೊಂಡ ಫೋಟೋ ಅವರ ಹತ್ತಿರ ಒಂದೂ ಇರಲಿಲ್ಲ. ಅರಕಲಗೂಡಿನ ಸ್ಟುಡಿಯೋಗೆ ನಾನೇ ಕರೆದುಕೊಂಡು ಹೋದೆ. ಅಪ್ಪ ರೆಜಿಮೆಂಟಿನ ಟೈ ಕಟ್ಟಿದ್ದರು. ಅಮ್ಮ ಹಸಿರು ಅಂಚಿನ ಮೈಸೂರು ಸಿಲ್ಕು ಉಟ್ಟಿದ್ದರು. ಸ್ಟೂಲುಗಳ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. “ಅಜ್ಜಿ, ಸ್ವಲ್ಪ ತಾತನ ಕಡೆ ಸರೀರಿ, ಫ್ರೇಮಿಗೆ ಬರ್ತಿಲ್ಲ” ಎಂದ ಸ್ಟುಡಿಯೋ ಹುಡುಗ. ಅಮ್ಮ ಒಂದು ಬೆರಳು ಸರಿದರು. ಇನ್ನೂ ಸ್ವಲ್ಪ ಎಂದ. ಅಮ್ಮ ನನ್ನ ಮುಖ ನೋಡಿದರು. ಆಗ ಅಪ್ಪ ತಾವೇ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕೂತು, ಅಮ್ಮನ ಸೆರಗಿನ ಮಡಿಕೆ ಸರಿಮಾಡಿ, “ಈಗ ಹೊಡಿ” ಎಂದರು. ಕಚೇರಿಗೆ ಬೇಕಿದ್ದು ಚಿಕ್ಕ ಫೋಟೋ. ಅದನ್ನೇ ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದೇವೆ.

ಕೊನೆಗೆ ತಿದ್ದಿದ ಪಿಪಿಓ ಬಂದ ದಿನ ಅಪ್ಪ ಅದನ್ನು ಅಮ್ಮನ ಕೈಗಿಟ್ಟು, ತಾವು ಹೋದ ಮೇಲೆ ಯಾವ ಕಾಗದ ಯಾರಿಗೆ ಕೊಡಬೇಕು, ಬ್ಯಾಂಕಿನಲ್ಲಿ ಯಾರನ್ನು ಕೇಳಬೇಕು, ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಹೇಗೆ ಕೊಡಬೇಕು ಎಂದು ಸಾವಕಾಶವಾಗಿ ಹೇಳಿದರು. ಅಮ್ಮ ಅಳುತ್ತಾ “ಈಗ್ಯಾಕೆ ಅವೆಲ್ಲ” ಎಂದರೆ, “ನಿಂಗೆ ಓದೋಕ್ ಬರ್ತದಲ್ಲ, ಓದ್ಕೋ” ಎಂದು ಒಂದು ಹಾಳೆಯಲ್ಲಿ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು.

ಅಪ್ಪ ಹೋದ ದಿನ ತಾಲೂಕಿನ ಮಾಜಿ ಸೈನಿಕರು ತಮ್ಮ ತಮ್ಮ ಹಳೆಯ ಬೆರೆ ಟೋಪಿ ಹಾಕಿಕೊಂಡು ಬಂದು ಸಾಲಾಗಿ ನಿಂತು ಸಲ್ಯೂಟ್ ಮಾಡಿದರು. ಅವರಲ್ಲಿ ಅರ್ಧ ಜನರಿಗೆ ಕಾಗದಪತ್ರ ಬರೆದುಕೊಟ್ಟವರು ಅಪ್ಪನೇ ಎಂದು ನಮಗೆ ತಿಳಿದದ್ದು ಅವತ್ತು. ಕಾರ್ಯ ಮುಗಿದ ಮೇಲೆ ಅಮ್ಮ ಆ ಹಾಳೆ ಹಿಡಿದು, ಫೈಲು ತೆಗೆದುಕೊಂಡು ಅಣ್ಣನ ಜೊತೆ ಹೋದರು. ಯಾರೂ ಒಂದು ತಪ್ಪು ತೆಗೆಯಲಿಲ್ಲ. ಕುಟುಂಬ ಪಿಂಚಣಿ ತಡವಿಲ್ಲದೆ ಮಂಜೂರಾಯಿತು.

ನಿಮ್ಮ ಮನೆಯಲ್ಲೋ ನಿಮ್ಮ ಬೀದಿಯಲ್ಲೋ ವಯಸ್ಸಾದ ಮಾಜಿ ಸೈನಿಕರಿದ್ದರೆ ದಯವಿಟ್ಟು ಈ ವಾರವೇ ಅವರ ಪಕ್ಕ ಕೂತು ಡಿಸ್ಚಾರ್ಜ್ ಪುಸ್ತಕ, ಪಿಪಿಓ, ಆಧಾರ್ ಮೂರನ್ನೂ ಒಟ್ಟಿಗಿಟ್ಟು ನೋಡಿ. ಹೆಂಡತಿಯ ಹೆಸರು, ಹುಟ್ಟಿದ ದಿನ ಮೂರರಲ್ಲೂ ಒಂದೇ ಇದೆಯೇ? ಬ್ಯಾಂಕಿನಲ್ಲಿ ಜಂಟಿ ಖಾತೆ ಇದೆಯೇ? ಇಲ್ಲದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಅವರ ರೆಜಿಮೆಂಟಿನ ರೆಕಾರ್ಡ್ಸ್‌ಗೆ ಅರ್ಜಿ ಬರೆಯಿರಿ. ಅವರು ಇರುವಾಗಲೇ, ಅವರ ಸಹಿಯ ಮೇಲೆ ತಿದ್ದಿಸಿ.